ಒಂದು ಬಕೆಟ್ ಬಿಸಿನೀರಿನ ಲೆಕ್ಕ

ಹದಿನೈದು ಲೀಟರ್ ಹಿಡಿಯುವ ಒಂದು ಬಕೆಟ್ ತೆಗೆದುಕೊಳ್ಳಿ. ಚಳಿಗಾಲದ ಬೆಳಿಗ್ಗೆ ನಲ್ಲಿಯಲ್ಲಿ ಬರುವ ನೀರು ಸುಮಾರು 22 ಡಿಗ್ರಿ ಇರುತ್ತದೆ. ಮೈಗೆ ಹಿತವೆನಿಸುವ ಬಿಸಿ 42 ಡಿಗ್ರಿ. ನಡುವಿನ ಈ ಇಪ್ಪತ್ತು ಡಿಗ್ರಿ ಏರಿಸಲು ಬೇಕಾಗುವ ವಿದ್ಯುತ್ತು ಸುಮಾರು 0.35 ಯೂನಿಟ್, ಎಂದರೆ ಒಂದು ಯೂನಿಟ್ಟಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಗೀಸರ್ ಯಾವ ಕಂಪನಿಯದಾದರೂ ಇಷ್ಟು ಬೇಕೇ ಬೇಕು, ನೀರಿನ ಗುಣವೇ ಅಂಥದ್ದು. ಇದೇ 0.35 ಯೂನಿಟ್ಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 39 ಗಂಟೆ ಉರಿಯುತ್ತದೆ. ಒಂದು ಹಗಲು, ಒಂದು ರಾತ್ರಿ, ಮೇಲೆ ಮತ್ತೊಂದು ಹಗಲು.

ನಮ್ಮ ಮನೆಗಳಲ್ಲಿ ಉಳಿತಾಯದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಬಲ್ಬು. ಮಗ ರೂಮಿನ ಲೈಟು ಆರಿಸದೆ ಹೊರಗೆ ಹೋದ ಎಂದು ಅಪ್ಪ ಗದರುತ್ತಾರೆ. ಅದೇ ಹೊತ್ತಿನಲ್ಲಿ ಬಚ್ಚಲುಮನೆಯ ಗೀಸರಿನ ಕೆಂಪು ದೀಪ ಬೆಳಿಗ್ಗೆ ಆರರಿಂದ ಹೊತ್ತಿಕೊಂಡೇ ಇರುತ್ತದೆ, ಅದರ ಕಡೆ ಯಾರೂ ನೋಡುವುದಿಲ್ಲ. ಲೈಟು ಆರಿಸುವುದು ಒಳ್ಳೆಯ ಅಭ್ಯಾಸವೇ. ಆದರೆ ಆ ಗದರಿಕೆ 60 ವ್ಯಾಟಿನ ಹಳದಿ ಬಲ್ಬಿನ ಕಾಲದ್ದು. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಗೆ ಎಲ್‌ಇಡಿ ಹೊಕ್ಕಿತು. ಬಲ್ಬು ಬದಲಾದರೂ ನಮ್ಮ ಗಮನ ಇನ್ನೂ ಅದರ ಸ್ವಿಚ್ಚಿನ ಮೇಲೆಯೇ ನಿಂತಿದೆ.

ಮನೆಯಲ್ಲಿ ಹಣ ಉಳಿಸುವ ಸಣ್ಣ ಅಭ್ಯಾಸಗಳ ಬಗ್ಗೆ ಬರೆಯಲು ಕೂತಾಗ ನನಗೆ ಮೊದಲು ಹೇಳಬೇಕೆನಿಸುವುದು ಇದನ್ನೇ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ಅಂದಾಜು ಬಂದ ಮೇಲೆಯೇ ಅಭ್ಯಾಸ ರೂಢಿಸಿಕೊಳ್ಳಬೇಕು. ಇಲ್ಲದಿದ್ದರೆ ಇಡೀ ದಿನ ಕೈ ಬಿಗಿಹಿಡಿದು ದಣಿಯುತ್ತೇವೆ, ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರುವುದಿಲ್ಲ, ಆಮೇಲೆ ‘ಇದೆಲ್ಲ ಆಗುವ ಕೆಲಸವಲ್ಲ’ ಎಂದು ಬಿಟ್ಟುಬಿಡುತ್ತೇವೆ. ಗೋಡೆಯ ಪ್ಲಗ್ಗಿನಲ್ಲಿ ಸುಮ್ಮನೆ ಬಿಟ್ಟ ಮೊಬೈಲ್ ಚಾರ್ಜರ್ ತಿಂಗಳಿಗೆ ಒಂದು ರೂಪಾಯಿಯ ಕರೆಂಟನ್ನೂ ತಿನ್ನುವುದು ಕಷ್ಟ. ಅದೇ ಪಕ್ಕದ ಪ್ಲಗ್ಗಿನಲ್ಲಿರುವ ಹಳೆಯ ಸೆಟ್‌ಟಾಪ್ ಬಾಕ್ಸು ರಿಮೋಟಿನಿಂದ ಆರಿಸಿದರೂ ಹತ್ತು ವ್ಯಾಟಿನ ಆಸುಪಾಸು ಎಳೆಯುತ್ತಲೇ ಇರುತ್ತದೆ. ದಿನವಿಡೀ ಬಿಟ್ಟರೆ ತಿಂಗಳಿಗೆ ಏಳು ಯೂನಿಟ್ ಆಯಿತು. ಎರಡಕ್ಕೂ ಬೇಕಾದ ಶ್ರಮ ಒಂದೇ, ಸ್ವಿಚ್ಚು ಒತ್ತುವುದು. ಫಲದಲ್ಲಿ ಮಾತ್ರ ಅಜಗಜಾಂತರ.

ಗೀಸರಿನ ವಿಷಯ ಇನ್ನೂ ಸ್ವಲ್ಪ ಬಿಡಿಸಿ ನೋಡೋಣ. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಎಂದರೆ ದಿನಕ್ಕೆ 1.4 ಯೂನಿಟ್, ತಿಂಗಳಿಗೆ 42. ಬಕೆಟ್ ಬಿಟ್ಟು ಶವರಿನ ಕೆಳಗೆ ನಿಂತರೆ ಒಬ್ಬರಿಗೆ ಎರಡು, ಮೂರು ಬಕೆಟ್ ನೀರು ಸುಲಭವಾಗಿ ಹೋಗುತ್ತದೆ; ಲೆಕ್ಕವೂ ಅಷ್ಟೇ ಪಟ್ಟು ಏರುತ್ತದೆ. ಸ್ಟೋರೇಜ್ ಗೀಸರನ್ನು ದಿನವಿಡೀ ಹಾಕಿಟ್ಟರೆ ಯಾರೂ ಸ್ನಾನ ಮಾಡದ ಹೊತ್ತಿನಲ್ಲೂ ಅದರ ಒಳಗಿನ ನೀರು ತಣಿಯುತ್ತ, ಮತ್ತೆ ಕಾಯುತ್ತ ಇರುತ್ತದೆ. ಆದ್ದರಿಂದ ಮೊದಲನೆಯವರು ಸ್ನಾನಕ್ಕೆ ಹೋಗುವ ಕಾಲು ಗಂಟೆ ಮುಂಚೆ ಹಾಕಿ, ಎಲ್ಲರೂ ಒಬ್ಬರ ಹಿಂದೊಬ್ಬರು ಮುಗಿಸಿ, ಕೊನೆಯವರು ಬಚ್ಚಲಿಗೆ ಹೋಗುವಾಗಲೇ ಆರಿಸಿಬಿಡುವುದು ಒಳ್ಳೆಯದು. ಟ್ಯಾಂಕಿನಲ್ಲಿ ಉಳಿದ ಬಿಸಿ ಅವರಿಗೆ ಸಾಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇಂದಿಗೂ ಬಚ್ಚಲ ಒಲೆಯ ಮೇಲೆ ಹಂಡೆ ಇದೆ. ತೆಂಗಿನ ಗರಿ, ಕಾಯಿಸಿಪ್ಪೆ, ಅಡಿಕೆ ಹಾಳೆ ಒಟ್ಟಿ ಉರಿ ಹಾಕುತ್ತಾರೆ. ತೋಟವಿದ್ದವರಿಗೆ ಅದಕ್ಕಿಂತ ಅಗ್ಗದ ಬಿಸಿನೀರು ಬೇರಿಲ್ಲ. ಹಾಗೆಂದು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ.

ಇಲ್ಲಿ ಕರ್ನಾಟಕದ ಓದುಗರು ಕೇಳುವ ಪ್ರಶ್ನೆ ನನಗೆ ಗೊತ್ತು: ‘ನಮಗೆ ಕರೆಂಟು ಫ್ರೀ ಅಲ್ಲವೇ, ಇನ್ನೇನು ಉಳಿಸುವುದು?’ ನ್ಯಾಯವಾದ ಪ್ರಶ್ನೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ 2023ರ ಜುಲೈನಿಂದ ಜಾರಿಯಲ್ಲಿದೆ. ಅದರ ನಿಯಮವನ್ನು ಮಾತ್ರ ಬಹಳ ಜನ ಅರ್ಧ ತಿಳಿದಿದ್ದಾರೆ. 200 ಯೂನಿಟ್‌ವರೆಗೆ ಎಲ್ಲರಿಗೂ ಉಚಿತ ಎಂಬುದು ಅದರ ಅರ್ಥವಲ್ಲ. ಯೋಜನೆ ರೂಪಿಸಿದಾಗ 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ನಿಮ್ಮ ಅರ್ಹತೆಯನ್ನು ಗೊತ್ತುಮಾಡಿದರು. ಸರಾಸರಿ 120 ಇದ್ದವರಿಗೆ 132 ಯೂನಿಟ್ ಉಚಿತ. ಅವರು 150 ಬಳಸಿದರೆ ಹೆಚ್ಚಿನ 18 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಕಥೆಯೇ ಬೇರೆ. ಆ ತಿಂಗಳು ಇಡೀ ಬಿಲ್ಲು ನಿಮ್ಮದೇ.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. 199 ಯೂನಿಟ್ ಬಳಸಿದವರು ಹೆಚ್ಚೆಂದರೆ ತಮ್ಮ ಮಿತಿ ಮೀರಿದಷ್ಟಕ್ಕೆ ಕಟ್ಟುತ್ತಾರೆ. 201 ಬಳಸಿದವರು ಮೊದಲ ಯೂನಿಟ್ಟಿನಿಂದ ಕಟ್ಟುತ್ತಾರೆ. ಯೂನಿಟ್ಟಿಗೆ ಆರು ರೂಪಾಯಿಯ ಹತ್ತಿರ ಹಿಡಿದು, ನಿಗದಿತ ಶುಲ್ಕ, ಸರ್‌ಚಾರ್ಜು, ತೆರಿಗೆ ಸೇರಿಸಿದರೆ ಬಿಲ್ಲು ಒಂದೂವರೆ ಸಾವಿರ ರೂಪಾಯಿಯ ಆಸುಪಾಸಿಗೆ ಬರುತ್ತದೆ, ಲೋಡು ಹೆಚ್ಚಿದ್ದರೆ ಅದನ್ನೂ ದಾಟುತ್ತದೆ. ಎರಡು ಯೂನಿಟ್ಟಿನ ವ್ಯತ್ಯಾಸ ಎಂದರೆ ಆರು ಬಕೆಟ್ ಬಿಸಿನೀರು. ನನಗೆ ಗೊತ್ತಿರುವ ಮನೆಗಳಲ್ಲಿ ಈ ಗೆರೆ ದಾಟುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ಹಗಲಿಡೀ ಫ್ಯಾನು, ಊರಿನಿಂದ ನೆಂಟರು. ಬಿಲ್ಲು ಕೈಗೆ ಬಂದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ಅದಕ್ಕೊಂದು ಅಭ್ಯಾಸವಿದೆ, ಖರ್ಚಿಲ್ಲದ್ದು. ಬಿಲ್ಲಿನಲ್ಲಿ ‘ಇಂದಿನ ಮಾಪನ’ ಎಂದು ಒಂದು ಸಂಖ್ಯೆ ಇರುತ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹದಿನೈದು ದಿನ ಕಳೆದ ಮೇಲೆ ಮೀಟರ್ ಬೋರ್ಡಿನ ಹತ್ತಿರ ಹೋಗಿ ಈಗಿನ ಸಂಖ್ಯೆ ನೋಡಿ, ಹಳೆಯದನ್ನು ಕಳೆಯಿರಿ. ಡಿಜಿಟಲ್ ಮೀಟರಿನಲ್ಲಿ ಒಂದಾದ ಮೇಲೊಂದು ಅಂಕಿ ಬಂದು ಹೋಗುತ್ತವೆ. ಕೆಡಬ್ಲ್ಯುಎಚ್ ಎಂಬ ಗುರುತಿನ ಜೊತೆ ಬರುವುದೇ ನಮಗೆ ಬೇಕಾದ್ದು. ಉತ್ತರ ನೂರರೊಳಗಿದ್ದರೆ ನಿಶ್ಚಿಂತೆ. ದಾಟಿದ್ದರೆ ಇನ್ನೂ ಹದಿನೈದು ದಿನ ನಿಮ್ಮ ಕೈಯಲ್ಲಿವೆ. ಈ ಕೆಲಸವನ್ನು ಐದನೇ, ಆರನೇ ಕ್ಲಾಸಿನ ಮಕ್ಕಳಿಗೆ ವಹಿಸಿ ನೋಡಿ. ಕಳೆಯುವ ಲೆಕ್ಕಕ್ಕೆ ಇಷ್ಟು ಜೀವಂತ ಉದಾಹರಣೆ ಪಾಠದ ಪುಸ್ತಕದಲ್ಲೂ ಸಿಗುವುದಿಲ್ಲ.

ಫ್ಯಾನಿನ ಬಗ್ಗೆ ಜಾಹೀರಾತುಗಳು ಬಹಳ ಹೇಳುತ್ತವೆ, ಆದ್ದರಿಂದ ನೇರ ಲೆಕ್ಕ ಕೊಡುತ್ತೇನೆ. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಹೊಸ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನ ಆಸುಪಾಸು. ಅಷ್ಟೇ ಹೊತ್ತಿಗೆ 11 ಯೂನಿಟ್. ಉಳಿಯುವುದು 16 ಯೂನಿಟ್, ಸುಮಾರು ನೂರು ರೂಪಾಯಿ. ಪೂರ್ತಿ ಬಿಲ್ಲು ಕಟ್ಟುವವರಿಗೆ ಹೆಚ್ಚು ಕೊಟ್ಟ ದುಡ್ಡು ಒಂದೆರಡು ವರ್ಷದಲ್ಲಿ ವಾಪಸು ಬರುತ್ತದೆ. 200ರ ಗೆರೆಯ ಮೇಲೆ ಓಲಾಡುವ ಮನೆಗೆ ಇದಕ್ಕಿಂತ ಒಳ್ಳೆಯ ಖರೀದಿಯಿಲ್ಲ. ಆದರೆ ಈಗಾಗಲೇ ಸೊನ್ನೆ ಬಿಲ್ಲು ಬರುವ ಚಿಕ್ಕ ಮನೆಯವರು ಉಳಿತಾಯವೆಂದು ನಂಬಿ ಚೆನ್ನಾಗಿರುವ ಫ್ಯಾನು ಬಿಚ್ಚಿ ಹೊಸದು ಕೊಂಡರೆ ಅದು ಬರೀ ಖರ್ಚು. ಕಲಬುರಗಿ, ರಾಯಚೂರಿನ ಬೇಸಿಗೆಗೆ ಎಸಿ ಹಾಕಿಸಿಕೊಂಡವರಿಗೆ ಒಂದೇ ಮಾತು: ಒಂದೊಂದು ಡಿಗ್ರಿ ಏರಿಸಿಟ್ಟಾಗಲೂ ಸುಮಾರು ಶೇ 6ರಷ್ಟು ವಿದ್ಯುತ್ತು ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. 24 ಡಿಗ್ರಿಗೆ ಇಟ್ಟು ಮೇಲೆ ಫ್ಯಾನು ಹಾಕಿದರೆ ನಿದ್ದೆಗೆ ಕೊರತೆಯಾಗದು.

ಇನ್ನು ಒಲೆ. ಕರೆಂಟಿನಂತೆ ಗ್ಯಾಸ್ ನಮ್ಮಲ್ಲಿ ಉಚಿತವಲ್ಲ, ಆದ್ದರಿಂದ ಇಲ್ಲಿ ಉಳಿದದ್ದು ನಿಜವಾಗಿಯೂ ಕೈಯಲ್ಲಿ ಉಳಿಯುತ್ತದೆ. ಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ನಮ್ಮಮ್ಮ ಹೊಸ ಸಿಲಿಂಡರ್ ಹಚ್ಚಿದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಸುತ್ತು ಹಾಕುತ್ತಿದ್ದರು. ಎಷ್ಟು ದಿನ ಬಂತು ಎಂಬುದೊಂದೇ ಅವರ ಅಳತೆ. ಆ ಸುತ್ತಿನಲ್ಲಿ ಎಷ್ಟು ಬುದ್ಧಿಯಿತ್ತೆಂದು ನನಗೆ ಗೊತ್ತಾಗಲು ನನ್ನದೇ ಸಂಸಾರ ಬೇಕಾಯಿತು. ಒಂದು ಸಿಲಿಂಡರ್ 30 ದಿನ ಬಂದರೆ ವರ್ಷಕ್ಕೆ ಹನ್ನೆರಡು ಬೇಕು. 36 ದಿನ ಬಂದರೆ ಹತ್ತು ಸಾಕು. ಆರು ದಿನ ಹೆಚ್ಚು ಎಳೆದರೆ ವರ್ಷಕ್ಕೆ ಎರಡು ಸಿಲಿಂಡರಿನ ದುಡ್ಡು, ಸಾವಿರದ ಏಳುನೂರು ರೂಪಾಯಿಗೆ ಕಡಿಮೆಯಿಲ್ಲದಂತೆ ಉಳಿಯಿತು.

ಆ ಆರು ದಿನ ಎಲ್ಲಿಂದ ಬರುತ್ತವೆ? ಒಂದು ಸಂಗತಿ ತಿಳಿದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ನೀರು ಒಮ್ಮೆ ಕೊತಕೊತ ಕುದಿಯಲು ಶುರುವಾದ ಮೇಲೆ ಅದರ ಬಿಸಿ ಏರುವುದಿಲ್ಲ. ಸಮುದ್ರದ ಮಟ್ಟದಲ್ಲಿರುವ ಮಂಗಳೂರಿನಲ್ಲಿ ಅದು 100 ಡಿಗ್ರಿಗೆ ನಿಲ್ಲುತ್ತದೆ. ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿಗೇ ಕುದಿಯುತ್ತದೆ. ಅದರ ಮೇಲೆ ಉರಿ ಎಷ್ಟೇ ದೊಡ್ಡದು ಮಾಡಿದರೂ ಬೇಳೆ ಬೇಗ ಬೇಯುವುದಿಲ್ಲ, ನೀರು ಬೇಗ ಆವಿಯಾಗುತ್ತದೆ ಅಷ್ಟೇ. ಹಾಗಾಗಿ ಕುದಿ ಬಂದ ಕೂಡಲೇ ಉರಿ ತಗ್ಗಿಸಿ ಮುಚ್ಚಳ ಹಾಕುವುದರಿಂದ ಅಡುಗೆಗೆ ಏನೂ ತಡವಾಗುವುದಿಲ್ಲ. ಕುಕ್ಕರಿನ ಗುಟ್ಟೂ ಇದೇ: ಆವಿಯನ್ನು ಒಳಗೇ ಹಿಡಿದಿಟ್ಟು ಬಿಸಿಯನ್ನು 120 ಡಿಗ್ರಿಯ ಹತ್ತಿರ ಏರಿಸುತ್ತದೆ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿದರೆ ಒಳಗಿನ ಬಿಸಿ ಹಾಗೆಯೇ ಇರುತ್ತದೆ. ಐದಾರು ಸೀಟಿ ಜೋರಾಗಿ ಕೂಗಿಸುವುದೆಂದರೆ ದುಡ್ಡು ಕೊಟ್ಟು ಕಾಯಿಸಿದ ಆವಿಯನ್ನು ಹೊರಗೆ ಬಿಟ್ಟಂತೆ. ಹೆಸರುಕಾಳು, ಕಡಲೆ, ಹುರುಳಿ, ಒಣ ಅವರೆಯನ್ನು ರಾತ್ರಿಯೇ ನೆನೆಹಾಕಿ. ಅನ್ನ, ಬೇಳೆ, ತರಕಾರಿಯನ್ನು ಕುಕ್ಕರಿನ ಡಬ್ಬಿಗಳಲ್ಲಿ ಒಟ್ಟಿಗೇ ಇಡಿ. ಪಾತ್ರೆಯ ತಳ ದಾಟಿ ಪಕ್ಕದಿಂದ ಮೇಲೇರುವ ಉರಿ ಅಡುಗೆಮನೆಯ ಗಾಳಿಯನ್ನು ಕಾಯಿಸುತ್ತದೆ, ಸಾರನ್ನಲ್ಲ. ಉರಿ ನೀಲಿಯ ಬದಲು ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ತೂತುಗಳು ಕಟ್ಟಿವೆ ಎಂದರ್ಥ. ಬಿಚ್ಚಿ ತೊಳೆದು, ಪಿನ್ನಿನಿಂದ ತೂತು ಬಿಡಿಸಿದರೆ ಸರಿಹೋಗುತ್ತದೆ. ಮತ್ತೆ, ಒಲೆ ಹಚ್ಚಿದ ಮೇಲೆ ಈರುಳ್ಳಿ ಹೆಚ್ಚಲು ಕೂರಬೇಡಿ.

ನೀರಿನ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗೆ ಎಷ್ಟು ಕೊಟ್ಟಿತೆಂದು ಅಲ್ಲಿದ್ದವರು ಮರೆತಿಲ್ಲ. ಆ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತು, ನಲ್ಲಿಗಳಿಗೆ ಏರೇಟರ್ ಹಾಕಿಸಿ ಎಂದಿತು. ಏರೇಟರ್ ಎಂದರೆ ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಪುಟ್ಟ ಜಾಲರಿ. ನೀರಿಗೆ ಗಾಳಿ ಬೆರೆಸಿ ಕಡಿಮೆ ನೀರಲ್ಲೇ ಕೈ ತೊಳೆಯುವಂತೆ ಮಾಡುತ್ತದೆ. ಅದರ ಜೊತೆಗೆ ಫ್ಲಶ್ ಟ್ಯಾಂಕಿಗೆ ಒಂದು ಲೋಟ ಹಳೆಯ ಕಾಫಿ ಡಿಕಾಕ್ಷನ್ ಸುರಿದು ಅರ್ಧ ಗಂಟೆ ಬಿಟ್ಟು ನೋಡಿ. ಫ್ಲಶ್ ಮಾಡದೆಯೂ ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರು ಸೋರುತ್ತಿದೆ. ಹೋದ ನೀರನ್ನು ಮತ್ತೆ ಮೇಲೇರಿಸಲು ಮೋಟಾರಿನ ಕರೆಂಟೂ ಸೇರಿತು.

ಈಗ ದಿನಸಿ. ಕೇಂದ್ರ ಸರ್ಕಾರದ 2023-24ರ ಮನೆವಾರ್ತೆ ಖರ್ಚಿನ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು ನಗರದಲ್ಲಿ 6,996 ರೂಪಾಯಿ, ಹಳ್ಳಿಯಲ್ಲಿ 4,122. ಇದರಲ್ಲಿ ಊಟ, ತಿಂಡಿಗೆ ಹೋಗುವುದು ನಗರದಲ್ಲಿ ಹೆಚ್ಚುಕಡಿಮೆ ಶೇ 40, ಹಳ್ಳಿಯಲ್ಲಿ ಶೇ 47. ಇಷ್ಟಕ್ಕೆ ಆಶ್ಚರ್ಯವಿಲ್ಲ. ಆದರೆ ಆ ಆಹಾರದ ಖರ್ಚಿನೊಳಗೆ ಅತಿ ದೊಡ್ಡ ಪಾಲು ಅಕ್ಕಿಗೂ ಅಲ್ಲ, ಬೇಳೆಗೂ ಅಲ್ಲ, ತರಕಾರಿಗೂ ಅಲ್ಲ; ಪಾನೀಯ, ಕುರುಕಲು ಮತ್ತು ಸಿದ್ಧ ಆಹಾರಕ್ಕೆ. ಹಳ್ಳಿಯಲ್ಲೂ ಹಾಗೆಯೇ. ಅಕ್ಕಿಯ ಬೆಲೆ ಎರಡು ರೂಪಾಯಿ ಏರಿದರೆ ಇಡೀ ಬೀದಿ ಮಾತಾಡುತ್ತದೆ, ಪ್ಯಾಕೆಟ್ಟಿನ ಲೆಕ್ಕ ಯಾರೂ ಕೇಳುವುದಿಲ್ಲ. ಇಬ್ಬರು ಮಕ್ಕಳಿಗೆ ದಿನಕ್ಕೆ ಇಪ್ಪತ್ತರ ಒಂದೊಂದು ಪ್ಯಾಕೆಟ್ ಎಂದರೆ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಅರ್ಧವನ್ನು ಮನೆಯ ಹುರಿಗಡಲೆ, ಶೇಂಗಾ, ಅವಲಕ್ಕಿ ಚೂಡಾ, ಬಾಳೆಹಣ್ಣಿಗೆ ತಿರುಗಿಸಿದರೆ ದುಡ್ಡೂ ಉಳಿಯುತ್ತದೆ, ಮಕ್ಕಳ ಹೊಟ್ಟೆಗೆ ನಿಜವಾದ ಆಹಾರವೂ ಬೀಳುತ್ತದೆ. ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಮಕ್ಕಳ ಆಸೆಯನ್ನು ಕತ್ತರಿಸಿ ಮಾಡುವ ಉಳಿತಾಯ ಬಹಳ ದಿನ ಬಾಳುವುದಿಲ್ಲ.

ಅಂಗಡಿಯಲ್ಲಿ ನೋಡಬೇಕಾದ ಒಂದು ಸಾಲಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದು ನಮ್ಮ ಹಕ್ಕು ಮತ್ತು ನಾವದನ್ನು ಓದುವುದೇ ಇಲ್ಲ. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿಯ ಹತ್ತಿರ ಈಗ ಗ್ರಾಮಿಗೆ ಇಷ್ಟು, ಮಿಲಿಲೀಟರಿಗೆ ಇಷ್ಟು ಎಂದು ಬಿಡಿ ಬೆಲೆಯನ್ನೂ ಅಚ್ಚು ಹಾಕಬೇಕೆಂಬ ಕಾನೂನಿದೆ. ಬೆಲೆ ಏರಿಸದೆ ತೂಕ ಇಳಿಸುವ ಹತ್ತು ರೂಪಾಯಿಯ ಬಿಸ್ಕತ್ತನ್ನೂ, ‘ಫ್ಯಾಮಿಲಿ ಪ್ಯಾಕ್’ ಎಂದು ಕರೆಯುವ ದೊಡ್ಡ ಡಬ್ಬವನ್ನೂ ಈ ಒಂದು ಸಂಖ್ಯೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ದೊಡ್ಡದು ಕೊಂಡರೆ ಯಾವಾಗಲೂ ಅಗ್ಗ ಎಂಬ ನಂಬಿಕೆ ಎಲ್ಲ ಕಡೆ ನಿಲ್ಲುವುದಿಲ್ಲ. ಕೆಲವು ಬ್ರಾಂಡುಗಳ ಶಾಂಪೂ ಬಾಟಲಿಗಿಂತ ಒಂದು ರೂಪಾಯಿಯ ಸ್ಯಾಶೆಯಲ್ಲೇ ಮಿಲಿಲೀಟರಿಗೆ ಅಗ್ಗ ಬೀಳುತ್ತದೆ. ಸೋಪಿನ ಪುಡಿ, ಎಣ್ಣೆಯಲ್ಲಿ ಅದು ಉಲ್ಟಾ ಇರಬಹುದು. ಊಹಿಸುವ ಬದಲು ಓದಿಬಿಡಿ.

ನಮ್ಮ ಹಿರಿಯರು ವರ್ಷದ ಸಾಮಾನು ಒಟ್ಟಿಗೆ ತರುತ್ತಿದ್ದರು. ಹಿಂಗಾರು ಮುಗಿದು ಕಲಬುರಗಿಯ ಹೊಸ ತೊಗರಿ ಮಾರುಕಟ್ಟೆಗೆ ಬಂದಾಗ ಬೇಳೆ, ಬ್ಯಾಡಗಿಯ ಮೆಣಸಿನಕಾಯಿ ಹರಾಜಿನ ಕಾಲದಲ್ಲಿ ಮೆಣಸಿನಕಾಯಿ, ಬೇಸಿಗೆಯ ಮೊದಲಿಗೆ ಹುಣಸೆಹಣ್ಣು. ಬಿಸಿಲಿಗೆ ಹಾಕಿ, ಬೇಳೆಗೆ ಹರಳೆಣ್ಣೆ ಸವರಿ, ಕಾಳಿನ ಡಬ್ಬಕ್ಕೆ ಒಣಗಿದ ಬೇವಿನ ಎಲೆ ಹಾಕಿ ಇಡುತ್ತಿದ್ದರು. ತಾರಸಿ, ಒಣ ಜಾಗ, ದೊಡ್ಡ ಡಬ್ಬ ಇರುವವರಿಗೆ ಈ ಪದ್ಧತಿ ಇಂದಿಗೂ ಲಾಭದ್ದೇ. ಒಂದು ರೂಮು, ಅಡುಗೆಮನೆಯ ಬಾಡಿಗೆ ಮನೆಯಲ್ಲಿ ಇದನ್ನು ಪ್ರಯತ್ನಿಸಿದರೆ ಹುಳ ಬಿದ್ದು ನಷ್ಟವೇ ಹೆಚ್ಚು. ಅಂಥವರು ತಿಂಗಳ ಚೀಟಿ ಬರೆದು ತಂದು, ನಡುವೆ ಅಂಗಡಿಗೆ ಹೋಗುವುದನ್ನು ಕಡಿಮೆ ಮಾಡಿದರೆ ಸಾಕು. ಉದ್ದರಿ ಪುಸ್ತಕವಿರುವ ಅಂಗಡಿಯಲ್ಲಿ ಬರೆಸಿದ ದಿನವೇ ನಿಮ್ಮ ಕಡೆಯಿಂದಲೂ ಒಂದು ಗುರುತು ಇಟ್ಟುಕೊಳ್ಳಿ. ಅಂಗಡಿಯವರ ಮೇಲಿನ ಅಪನಂಬಿಕೆಯಿಂದಲ್ಲ, ತಿಂಗಳ ನಡುವೆಯೇ ಮೊತ್ತ ಗೊತ್ತಾಗಲೆಂದು.

ತಂದದ್ದನ್ನು ಎಸೆದರೆ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ 55 ಕೆ.ಜಿ. ಆಹಾರ ವ್ಯರ್ಥವಾಗುತ್ತದೆ ಎಂದು ಅಂದಾಜಿಸಿದೆ. ಸಿಪ್ಪೆ, ಬೀಜಗಳೂ ಆ ಲೆಕ್ಕದಲ್ಲಿವೆ, ಸರಿ. ಆದರೂ ನಮ್ಮ ಅಡುಗೆ ಪರಂಪರೆ ಸಿಪ್ಪೆಯನ್ನೂ ಬಿಟ್ಟದ್ದಲ್ಲ: ಹೀರೇಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ. ಇವು ಬಡತನದ ತಿಂಡಿಗಳೆಂದು ಮರೆತವರು ಈಗ ಮತ್ತೆ ಮಾಡುತ್ತಿರುವುದು ನನಗೆ ಸಂತೋಷದ ವಿಷಯ. ನಿಜವಾದ ನಷ್ಟ ಫ್ರಿಜ್ಜಿನ ಹಿಂಬದಿಯಲ್ಲಿ ಕೊಳೆಯುವ ಸೊಪ್ಪಿನದು. ಸೊಪ್ಪು ತಂದ ದಿನವೇ ಬಿಡಿಸಿ, ಮೊದಲು ಅದನ್ನು ಬಳಸಿ. ಕುಂಬಳ, ಸೌತೆ, ಆಲೂಗಡ್ಡೆ ವಾರದ ಕೊನೆಯವರೆಗೂ ಕಾಯುತ್ತವೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮುಖ್ಯವಾಗಿ ಅಡುಗೆಮನೆ, ಬಚ್ಚಲುಮನೆಯ ಸುತ್ತ ಇದೆ. ಅದು ನನ್ನನ್ನು ಕಾಡುತ್ತದೆ ಕೂಡ. ಉಳಿತಾಯ ಎಂದ ಕೂಡಲೇ ಮನೆಯ ಹೆಂಗಸರ ಕಡೆ ನೋಡುವುದು ನಮ್ಮ ಹಳೆಯ ಚಾಳಿ. ಅವರು ಗ್ಯಾಸ್ ಉಳಿಸಬೇಕು, ಅನ್ನ ಉಳಿಯದಂತೆ ಅಳೆದು ಮಾಡಬೇಕು, ಕೊನೆಗೆ ಕಡಿಮೆ ಬಿದ್ದರೆ ತಾವೇ ಕಡಿಮೆ ಉಣ್ಣಬೇಕು. ಗಂಡಸರ ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಸಲ ಯುಪಿಐನಲ್ಲಿ ಹೋಗುವ ಚಹಾ, ಸಿಗರೇಟು, ಪಾರ್ಕಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮನೆಯ ಎಲ್ಲ ದೊಡ್ಡವರೂ ತಿಂಗಳಿಗೊಮ್ಮೆ ತಮ್ಮ ತಮ್ಮ ಫೋನಿನ ಪಾವತಿ ಪಟ್ಟಿಯನ್ನು ತೆರೆದು ಒಟ್ಟಿಗೆ ಕೂತು ನೋಡಬೇಕು. ಯಾರ ಮೇಲೂ ತಪ್ಪು ಹೊರಿಸುವುದು ಬೇಡ, ಸುಮ್ಮನೆ ಕೂಡಿ ನೋಡಿದರೆ ಸಾಕು. ಹಾಲು, ಮೊಟ್ಟೆ, ಬೇಳೆ, ಹಣ್ಣು, ಹಿರಿಯರ ಬಿಪಿ, ಶುಗರ್ ಮಾತ್ರೆ ಇವುಗಳಿಗೆ ಕತ್ತರಿ ಹಾಕುವ ಮಾತೇ ಬರಬಾರದು. ಮಾತ್ರೆಯ ಖರ್ಚು ಭಾರವಾದರೆ ಅದೇ ಔಷಧದ ಜೆನೆರಿಕ್ ರೂಪ ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆಗೆ ಸಿಗುತ್ತದೆ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬಹುದು, ಬಿಡುವುದು ಮಾತ್ರ ಬೇಡ.

ಫೋನಿನಲ್ಲೇ ಅಡಗಿರುವ ಇನ್ನೊಂದು ಖರ್ಚು ರೀಚಾರ್ಜು. ‘ತಿಂಗಳ ಪ್ಲಾನ್’ ಎಂದು ನಾವು ಕರೆಯುವ ಬಹುಪಾಲು ಪ್ಲಾನುಗಳು 28 ದಿನದವು. 365 ದಿನವನ್ನು 28ರಿಂದ ಭಾಗಿಸಿ, ಹದಿಮೂರು ಬರುತ್ತದೆ. ಹನ್ನೆರಡು ತಿಂಗಳಿಗೆ ಹದಿಮೂರು ಸಲ ಕಟ್ಟುತ್ತೇವೆ. ಮುನ್ನೂರರ ಪ್ಲಾನಿನ ನಾಲ್ಕು ಫೋನುಗಳಿರುವ ಮನೆಗೆ ಇದು ವರ್ಷಕ್ಕೆ 1,200 ರೂಪಾಯಿ ಹೆಚ್ಚುವರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರಲ್ಲಿ ಆದೇಶಿಸಿದ ಮೇಲೆ ಪ್ರತಿ ಕಂಪನಿಯೂ 30 ದಿನದ ಪ್ಲಾನನ್ನೂ ಇಡಲೇಬೇಕು. ಆಪ್‌ನಲ್ಲಿ ಕೆಳಗೆ ಹುಡುಕಿದರೆ ಸಿಗುತ್ತದೆ. ವರ್ಷದ ಪ್ಲಾನ್‌ಗಳನ್ನೂ ದಿನದ ಲೆಕ್ಕಕ್ಕೆ ಇಳಿಸಿ ಹೋಲಿಸಿ.

ಇವೆಲ್ಲಕ್ಕಿಂತ ದೊಡ್ಡ ಸೋರಿಕೆ ಬಡ್ಡಿ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಕಾಣುವುದನ್ನಷ್ಟೇ ಕಟ್ಟಿ ಉಳಿದದ್ದನ್ನು ಮುಂದೂಡಿದರೆ ಸಾಮಾನ್ಯವಾಗಿ ತಿಂಗಳಿಗೆ ಶೇ 3ರಿಂದ 3.75ರ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇ 36ರಿಂದ 45. 20,000 ರೂಪಾಯಿ ಬಾಕಿಗೆ ಶೇ 3.5ರಂತೆ ತಿಂಗಳಿಗೆ 700 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. ಇಡೀ ತಿಂಗಳು ಒಲೆಯ ಮುಂದೆ ಎಚ್ಚರವಾಗಿದ್ದು ಉಳಿಸುವ ನೂರೈವತ್ತು ರೂಪಾಯಿಯನ್ನು ಇದರ ಪಕ್ಕ ಇಟ್ಟು ನೋಡಿ. ಮನೆಯಲ್ಲಿ ಇಂಥ ಸಾಲವಿದ್ದರೆ ಉಳಿದ ಮೊದಲ ರೂಪಾಯಿ ಹೋಗಬೇಕಾದ್ದು ಅಲ್ಲಿಗೆ. ಮಕ್ಕಳ ಹೆಸರಿನಲ್ಲಿ ಶೇ 7, 8 ಬಡ್ಡಿಗೆ ಠೇವಣಿ ಇಟ್ಟು, ಪಕ್ಕದಲ್ಲಿ ಶೇ 40ರ ಸಾಲ ಹೊತ್ತು ನಡೆಯುವ ಮನೆಗಳನ್ನು ನಾನು ಕಂಡಿದ್ದೇನೆ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಮೊದಲು ಸಾಲ ತೀರಿದರೆ ಆ ಮಕ್ಕಳಿಗೆ ಉಳಿಯುವುದು ಹೆಚ್ಚು.

ಸಾಲವಿಲ್ಲದಿದ್ದರೆ, ಉಳಿದ ಹಣ ಎಲ್ಲಿಗೆ? ಈ ಪ್ರಶ್ನೆಗೆ ಉತ್ತರ ಸಿಗದೆ ಬಹುತೇಕ ಸಣ್ಣ ಉಳಿತಾಯಗಳು ಕಾಣೆಯಾಗುತ್ತವೆ. ಗ್ಯಾಸು, ಪ್ಯಾಕೆಟ್ಟು, ಕರೆಂಟು, ರೀಚಾರ್ಜು ಎಲ್ಲ ಸೇರಿ ಸಾವಿರ ರೂಪಾಯಿ ಉಳಿಸಿದ ಮನೆಯ ಬ್ಯಾಂಕ್ ಖಾತೆ ತಿಂಗಳ ಕೊನೆಗೆ ತೆರೆದು ನೋಡಿದರೆ ಆ ಸಾವಿರ ಅಲ್ಲಿರುವುದಿಲ್ಲ. ಅದು ಬೇರಾವುದೋ ಖರ್ಚಿನಲ್ಲಿ ಬೆರೆತುಹೋಗಿರುತ್ತದೆ. ಹಿಂದೆ ಹೆಂಗಸರು ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಇಡುಗಂಟು ಮಾಡುತ್ತಿದ್ದುದಕ್ಕೆ ಕಾರಣ ಇದೇ: ಉಳಿದದ್ದನ್ನು ಕಣ್ಣಿಗೆ ಕಾಣದ ಕಡೆ ಸರಿಸಿಬಿಡುವುದು. ಉಪಾಯ ಸರಿಯಾದದ್ದು, ಜಾಗ ಮಾತ್ರ ಸುರಕ್ಷಿತವಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಎಷ್ಟು ಮನೆಗಳ ಡಬ್ಬಿಗಳು ಹೇಗೆ ಹೊರಬಿದ್ದವೆಂದು ನೆನಪಿದೆಯಲ್ಲ. ಡಬ್ಬಿಯ ದುಡ್ಡಿಗೆ ಬಡ್ಡಿಯೂ ಇಲ್ಲ, ಬೆಲೆ ಏರಿಕೆಯಲ್ಲಿ ಅದು ವರ್ಷ ವರ್ಷ ಕರಗುತ್ತದೆ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಗಾಗಿ ತೆರೆದ ಖಾತೆ ಈಗ ಲಕ್ಷಾಂತರ ಮಹಿಳೆಯರ ಹೆಸರಿನಲ್ಲಿದೆ. ಅದೇ ಖಾತೆ ಹೊಸ ಡಬ್ಬಿಯಾಗಬಹುದು.

ದಿನಗೂಲಿಯ ಮನೆಯಲ್ಲಿ ತಿಂಗಳಿಗೆ ಸಾವಿರ ಉಳಿಸುವುದು ಸುಲಭವಲ್ಲವೆಂದು ಬಲ್ಲೆ, ಆದ್ದರಿಂದ ನೂರು ರೂಪಾಯಿಗೂ ಬಾಗಿಲು ತೆರೆದಿರುವ ಜಾಗವನ್ನೇ ಹೇಳುತ್ತೇನೆ: ಅಂಚೆ ಕಚೇರಿಯ ಆರ್‌ಡಿ. ತಿಂಗಳಿಗೆ ಕನಿಷ್ಠ 100 ರೂಪಾಯಿ, ಐದು ವರ್ಷದ ಅವಧಿ. 2023ರ ಅಕ್ಟೋಬರಿನಲ್ಲಿ ನಿಗದಿಯಾದ ಶೇ 6.7ರ ದರದಲ್ಲಿ ತಿಂಗಳಿಗೆ ಸಾವಿರದಂತೆ ಕಟ್ಟಿದ 60,000 ರೂಪಾಯಿ ಐದು ವರ್ಷಕ್ಕೆ 71,000 ದಾಟುತ್ತದೆ. ಖಾತೆ ತೆರೆಯುವ ದಿನ ಅಲ್ಲಿಯ ಬೋರ್ಡಿನಲ್ಲಿರುವ ದರ ಕೇಳಿ. ಆ ದಿನದ ದರವೇ ಐದು ವರ್ಷವೂ ನಡೆಯುತ್ತದೆ. ಬೀದಿಯಲ್ಲಿ ನೋಂದಣಿಯಿಲ್ಲದೆ ನಡೆಯುವ ಚೀಟಿ ಇದಕ್ಕಿಂತ ಹೆಚ್ಚು ಕೊಡುತ್ತದೆಂದು ಯಾರಾದರೂ ಹೇಳಿದರೆ, 1982ರ ಚಿಟ್ ಫಂಡ್ ಕಾಯ್ದೆಯಡಿ ಅದು ನೋಂದಣಿಯಾಗಿದೆಯೇ ಎಂದು ಕೇಳಿ. ನೋಂದಣಿಯಿಲ್ಲದಿದ್ದರೆ ದುಡ್ಡು ಮುಳುಗಿದಾಗ ಹಿಡಿದುಕೊಳ್ಳಲು ಕಾಗದವೇ ಇರುವುದಿಲ್ಲ.

ಆರ್‌ಡಿಯಲ್ಲಿ ಒಂದು ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ಕಂತಿಗಿಂತ ಹೆಚ್ಚು ತಪ್ಪಿದರೆ ಖಾತೆ ನಿಲ್ಲುತ್ತದೆ. ಎರಡು ತಿಂಗಳೊಳಗೆ ಹೋಗಿ ಮತ್ತೆ ಚಾಲೂ ಮಾಡಿಸಬಹುದು. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ, ಆಸ್ಪತ್ರೆಯ ಖರ್ಚೋ ಶಾಲೆಯ ಫೀಸೋ ಬಂದರೆ, ಕಟ್ಟಿದ್ದರ ಅರ್ಧದವರೆಗೆ ಅದೇ ಖಾತೆಯ ಮೇಲೆ ಸಾಲ ಸಿಗುತ್ತದೆ, ಕೈಗಡಕ್ಕೆ ಅಲೆಯಬೇಕಿಲ್ಲ. ಇನ್ನೊಂದು ವಿವರ: ತಿಂಗಳ 15ನೇ ತಾರೀಖಿನೊಳಗೆ ಖಾತೆ ತೆರೆದವರು ಪ್ರತಿ ತಿಂಗಳೂ 15ರೊಳಗೇ ಕಂತು ಕಟ್ಟಬೇಕು, ಆಮೇಲೆ ತೆರೆದವರು ತಿಂಗಳ ಕೊನೆಯವರೆಗೆ ಕಟ್ಟಬಹುದು. ಕೊನೆಯವರೆಗೆ ಸಮಯವಿರುವುದು ಅನುಕೂಲ ಎನಿಸುತ್ತದೆ, ಆದರೆ ಕೊನೆಯ ವಾರದಲ್ಲಿ ಯಾರ ಕೈಯಲ್ಲಿ ಏನಿರುತ್ತದೆ? ಸಂಬಳ ಬರುವ ವಾರದಲ್ಲಿ, 15ರೊಳಗೇ, ಖಾತೆ ತೆರೆಯಿರಿ.